ಎಂಜಿನ್ ಕೂರಿಸುವ ಕೆಲಸ ದಡದಲ್ಲಿ ಮುಗಿಯುವುದಿಲ್ಲ

ಹಳೆಯ ಮರದ ಹಾಯಿದೋಣಿಗಳನ್ನು ದುರಸ್ತಿ ಮಾಡಿ, ಅವುಗಳ ಹಳೆಯ ಎಂಜಿನ್ನನ್ನು ಮತ್ತೆ ಒಳಗೆ ಕೂರಿಸುವುದು ನನ್ನ ಕೆಲಸ. ಹೊಸದಾಗಿ ಕಲಿಯಲು ಬಂದವರಿಗೆ ನಾನು ಮೊದಲು ಹೇಳುವುದಿಷ್ಟು: ಇಲ್ಲಿ ಯಜಮಾನಿಕೆ ಎಂಜಿನ್ನಿನದಲ್ಲ, ಶಾಫ್ಟಿನದು. ಪ್ರೊಪೆಲ್ಲರಿಗೆ ಹೋಗುವ ಶಾಫ್ಟ್ ಯಾವ ಗೆರೆಯಲ್ಲಿರಬೇಕೆಂಬುದು ದೋಣಿ ಕಟ್ಟಿದಾಗಲೇ ತೀರ್ಮಾನವಾಗಿರುತ್ತದೆ. ಎಂಜಿನ್ ಎಷ್ಟೇ ಭಾರವಿರಲಿ, ಆ ಗೆರೆಗೆ ಅದೇ ಬಂದು ಹೊಂದಿಕೊಳ್ಳಬೇಕು. ಎಂಜಿನ್ನಿನ ಗೇರ್‌ಬಾಕ್ಸನ್ನೂ ಶಾಫ್ಟನ್ನೂ ಕೂಡಿಸುವ ಕಪ್ಲಿಂಗಿನ ಬೋಲ್ಟುಗಳನ್ನು ಬಿಗಿದು ಶಾಫ್ಟನ್ನು ಎಂಜಿನ್ನಿನತ್ತ ಎಳೆದುಕೊಂಡರೆ ಬೇರಿಂಗ್ ಸವೆಯುತ್ತದೆ, ಗೇರ್‌ಬಾಕ್ಸಿನ ಸೀಲ್ ಸೋರುತ್ತದೆ, ದೋಣಿಯೊಳಗೆ ನೀರೂ ಬರತೊಡಗುತ್ತದೆ.

ಆದ್ದರಿಂದ ಎಂಜಿನ್ನನ್ನು ಚೈನ್ ಬ್ಲಾಕಿಗೆ ತೂಗುಹಾಕುವ ಮೊದಲು, ಶಾಫ್ಟ್ ಹಾಯುವ ಕೊಳವೆಯ ನಟ್ಟನಡುವಿನಿಂದ ಸಣ್ಣ ಉಕ್ಕಿನ ತಂತಿಯೊಂದನ್ನು ಬಿಗಿಯಾಗಿ ಎಳೆದು ಕಟ್ಟುತ್ತೇನೆ. ಎಂಜಿನ್ನಿನ ಕಾಲುಗಳು, ಕಪ್ಲಿಂಗ್, ಎಣ್ಣೆ ತೊಟ್ಟಿಯ ತಳ ಇವುಗಳ ಅಳತೆಗೆ ಪ್ಲೈವುಡ್ಡಿನ ಮಾದರಿ ಮಾಡಿ ತಂತಿಗೆ ಹೊಂದಿಸಿ ನೋಡುತ್ತೇನೆ. ಎಂಜಿನ್ ಕೂರುವ ತೊಲೆ ಎಷ್ಟು ಎತ್ತರವಿರಬೇಕು, ತೊಟ್ಟಿ ಕೆಳಗೆ ತಾಗುತ್ತದೆಯೇ, ನೀರಿನ ಪಂಪು ಬಿಚ್ಚಲು ಕೈ ಹೋಗುತ್ತದೆಯೇ ಎಂಬುದೆಲ್ಲ ಆಗಲೇ ಗೊತ್ತಾಗುತ್ತದೆ.

ಎಂಜಿನ್ ಕೂರುವ ಉದ್ದ ತೊಲೆಗಳ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಮೇಲಿನಿಂದ ಗಟ್ಟಿಯಾಗಿ ಕಾಣುವ ತೊಲೆಯನ್ನೂ ದಬ್ಬಳದಿಂದ ಚುಚ್ಚಿ ನೋಡಬೇಕು. ವರ್ಷಗಟ್ಟಲೆ ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಕಬ್ಬಿಣದ ಬೋಲ್ಟು ತುಕ್ಕು ಹಿಡಿದ ಕಡೆ ಸುತ್ತಲಿನ ಮರ ಕಪ್ಪಾಗಿ ಮೆತ್ತಗಾಗಿರುತ್ತದೆ. ಅದಕ್ಕೆ ತೇಪೆ ಹಾಕುವುದು ವ್ಯರ್ಥ, ತೊಲೆಯನ್ನೇ ಬದಲಿಸಬೇಕು. ಹೊಸ ತೊಲೆ ಎಂಜಿನ್ನಿನ ಉದ್ದಕ್ಕಷ್ಟೇ ನಿಲ್ಲದೆ ಹಿಂದಕ್ಕೂ ಮುಂದಕ್ಕೂ ಚಾಚಿ, ಆದಷ್ಟು ಹೆಚ್ಚು ಅಡ್ಡಮರಗಳ ಮೇಲೆ ಕುಳಿತಿರಬೇಕು. ಭಾರವೂ ನಡುಕವೂ ಒಂದೇ ಕಡೆ ಬಿದ್ದರೆ ಅಲ್ಲಿಯ ಹಲಗೆಗಳ ಸಂದು ಬಿಟ್ಟುಕೊಳ್ಳುತ್ತದೆ.

ಮೊದಲು ಇಂಥ ಎಂಜಿನ್ನುಗಳನ್ನು ನೇರವಾಗಿ ತೊಲೆಗೇ ಬಿಗಿಯುತ್ತಿದ್ದರು. ಈಗ ಅನೇಕ ಮಾಲೀಕರು ರಬ್ಬರ್ ಮೌಂಟ್ ಕೇಳುತ್ತಾರೆ. ಹಾಕಬಹುದು. ಆದರೆ ಎಂಜಿನ್ನಿಗೆ ಅಲುಗಾಡಲು ಎಡೆ ಕೊಟ್ಟ ಮೇಲೆ ಹೊಗೆಕೊಳವೆ, ಇಂಧನದ ಕೊಳವೆ, ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಗ್ಲ್ಯಾಂಡ್ ಎಲ್ಲವೂ ಅದರೊಂದಿಗೆ ಅಲುಗಾಡುವಂತಿರಬೇಕು. ಹೊಸ ರಬ್ಬರ್ ಭಾರಕ್ಕೆ ಸ್ವಲ್ಪ ತಗ್ಗುವುದರಿಂದ ಅದನ್ನು ಒಂದೆರಡು ದಿನ ಹಾಗೆಯೇ ಬಿಟ್ಟು ಅನಂತರ ಅಳತೆಗೆ ಕೈ ಹಾಕುವುದು ಒಳ್ಳೆಯದು.

ಇಷ್ಟಾದರೂ ದಡದಲ್ಲಿ ಮಾಡಿದ ಹೊಂದಾಣಿಕೆ ತಾತ್ಕಾಲಿಕವೇ. ಆಧಾರಗಳ ಮೇಲೆ ನಿಂತ ಮರದ ದೋಣಿಯ ಆಕಾರ ಬೇರೆ, ತೇಲುವಾಗಿನ ಆಕಾರ ಬೇರೆ. ನೀರು ಹೀರಿ ಹಲಗೆಗಳು ಉಬ್ಬುತ್ತವೆ, ಹಾಯಿಕಂಬದ ತಂತಿಗಳನ್ನು ಬಿಗಿದಾಗ ದೋಣಿಯ ತುದಿಗಳ ಮೇಲೆ ಎಳೆತ ಬೀಳುತ್ತದೆ. ದಡದಲ್ಲಿ ಕೂದಲೆಳೆಯಷ್ಟೂ ತಪ್ಪದೆ ಕೂಡಿದ್ದ ಕಪ್ಲಿಂಗ್ ನೀರಿನಲ್ಲಿ ಬಾಯಿ ಬಿಡುತ್ತದೆ. ಅದಕ್ಕೇ ದೋಣಿಯನ್ನು ನೀರಿಗಿಳಿಸುವಾಗ ಕಪ್ಲಿಂಗಿನ ಬೋಲ್ಟುಗಳನ್ನು ಬಿಚ್ಚಿಡುತ್ತೇನೆ. ಹಲಗೆಗಳು ಉಬ್ಬಿ ನಿಲ್ಲುವವರೆಗೆ ಎಂಜಿನ್ ಚಾಲೂ ಮಾಡುವ ಮಾತಿಲ್ಲ. ಮಾಲೀಕರಿಗೆ ಅವಸರವಿರುತ್ತದೆ, ಅದು ಸಹಜ. ಕೆಲಸ ಒಪ್ಪಿಕೊಳ್ಳುವಾಗಲೇ ಈ ಕಾಯುವ ದಿನಗಳನ್ನು ಲೆಕ್ಕಕ್ಕೆ ಸೇರಿಸಿ ಹೇಳಿಬಿಟ್ಟರೆ ಆಮೇಲೆ ವಾದಕ್ಕೆ ಎಡೆಯಿರುವುದಿಲ್ಲ.

ಆ ಮೇಲೆ ಫೀಲರ್ ಗೇಜಿನ ಸರದಿ. ಬಿಡಿಯಾದ ಶಾಫ್ಟಿನ ತುದಿ ತನ್ನ ತೂಕಕ್ಕೇ ಜೋತುಬೀಳುವುದರಿಂದ ಮೊದಲು ಅದಕ್ಕೆ ಆಸರೆ ಕೊಡಬೇಕು. ಕಪ್ಲಿಂಗಿನ ಎರಡು ಮುಖಗಳನ್ನು ಸಮೀಪಕ್ಕೆ ತಂದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಗೇಜಿನ ತೆಳು ಪಟ್ಟಿ ತೂರಿಸಿ ಸಂದು ಅಳೆಯುತ್ತೇನೆ. ಕಪ್ಲಿಂಗ್ 100 ಮಿಲಿಮೀಟರ್ ಅಗಲವಿದ್ದರೆ ಅಳತೆಗಳ ನಡುವಿನ ವ್ಯತ್ಯಾಸ 0.1 ಮಿಲಿಮೀಟರ್ ದಾಟಬಾರದು. ಅನಂತರ ಗೇರ್‌ಬಾಕ್ಸಿನ ಭಾಗವನ್ನು ಅಲುಗಿಸದೆ ಶಾಫ್ಟನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯುತ್ತೇನೆ. ಹೆಚ್ಚಿನ ಸಂದು ಮೊದಲಿದ್ದ ಕಡೆಯೇ ಉಳಿದರೆ ಎಂಜಿನ್ನನ್ನು ಸರಿಸಬೇಕು. ಶಾಫ್ಟಿನೊಂದಿಗೆ ಆ ಸಂದೂ ಸುತ್ತಿ ಬಂದರೆ ಶಾಫ್ಟ್ ಬಾಗಿದೆ, ಇಲ್ಲವೇ ಅದರ ಕಪ್ಲಿಂಗಿನ ಮುಖ ಓರೆಯಾಗಿದೆ. ಆಗ ಮೌಂಟಿನ ನಟ್ಟುಗಳನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಶಾಫ್ಟನ್ನು ಹೊರತೆಗೆದು ಲೇತಿಗೆ ಕೊಡಬೇಕು. ಈ ಅರ್ಧ ಸುತ್ತಿನ ಪರೀಕ್ಷೆಯನ್ನು ಮಾಡದೆ ಮುಂದೆ ಹೋಗಲು ನನ್ನ ಜೊತೆ ಕೆಲಸ ಮಾಡುವ ಯಾರನ್ನೂ ನಾನು ಬಿಡುವುದಿಲ್ಲ.

ಎಂಜಿನ್ ಕೆಲವು ಗಂಟೆ ಓಡಿದ ಬಳಿಕ ಬೋಲ್ಟುಗಳನ್ನು ಬಿಚ್ಚಿ ಇನ್ನೊಮ್ಮೆ ಅಳೆಯುತ್ತೇನೆ. ಆ ಅಂಕಿಗಳನ್ನು ಬರೆದ ಚೀಟಿ ಮಾಲೀಕರ ಕಡತಕ್ಕೆ ಹೋಗುತ್ತದೆ, ಮುಂದೆ ಯಾರು ಬಿಚ್ಚಿದರೂ ಹೋಲಿಸಿ ನೋಡಬಹುದು.