ಫ್ಯೂರಿಯೋಸಾ ಕಾಮಿಕ್ಸ್ ಓದಿದ ಮೇಲೆ

2015ರಲ್ಲಿ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಸಿನಿಮಾವನ್ನು ಎರಡು ಸಲ ನೋಡಿದೆ. ಎರಡನೇ ಸಲ ಅಕ್ಕನೂ ಬಂದಿದ್ದಳು. ಸಿನಿಮಾದ ನಾಯಕಿ ಫ್ಯೂರಿಯೋಸಾ ಮರಳಲ್ಲಿ ಮಂಡಿಯೂರಿ ಕೂಗುವಾಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅದೇ ವರ್ಷ ವರ್ಟಿಗೋ ಪ್ರಕಾಶನ ತಂದ, ಅವಳ ಹಿಂದಿನ ಕಥೆ ಹೇಳುವ ಫ್ಯೂರಿಯೋಸಾ ಕಾಮಿಕ್ಸ್ ಓದಿ ತುಂಬಾ ಬೇಜಾರಾಯಿತು. ಎಷ್ಟೋ ಅಭಿಮಾನಿಗಳಿಗೂ ಸಿಟ್ಟು ಬಂದಿತ್ತು. ಖಳನಾಯಕ ಇಮ್ಮಾರ್ಟನ್ ಜೋ ತಾನು ಹೆಂಡತಿಯರೆಂದು ಕೂಡಿಹಾಕಿಕೊಂಡ ಹೆಣ್ಣುಮಕ್ಕಳಿಗೆ ಮಾಡಿದ್ದನ್ನು ಸಿನಿಮಾ ತೋರಿಸುವುದೇ ಇಲ್ಲ. ಖಾಲಿ ಕೋಣೆ, ಗೋಡೆ ಮೇಲಿನ ಬರಹ, ಅಷ್ಟೇ. ಎಲ್ಲಾ ಅರ್ಥವಾಗುತ್ತದೆ, ಅಲ್ವಾ? ಕಾಮಿಕ್ಸ್ ಆ ಹಿಂಸೆಯನ್ನು ಪುಟಕ್ಕೆ ಎಳೆದು ತಂದಿತು. ಬರೆದವರಲ್ಲಿ ನಿರ್ದೇಶಕ ಜಾರ್ಜ್ ಮಿಲ್ಲರ್ ಕೂಡ ಇದ್ದಾರೆ ಅನ್ನುವುದೇ ನನಗೆ ಜಾಸ್ತಿ ನೋವು ಕೊಟ್ಟಿತು.

ಅದೇ ಸರಣಿಯ ಇನ್ನೊಂದು ಕಾಮಿಕ್ಸ್‌ನಲ್ಲಿರುವ, ಜೋನ ಸೈನಿಕ ಹುಡುಗ ನಕ್ಸ್‌ನ ಬಾಲ್ಯದ ಕಥೆ ಮಾತ್ರ ಚೆನ್ನಾಗಿದೆ. ಅದನ್ನು ಅಕ್ಕನಿಗೂ ಓದಲು ಕೊಟ್ಟೆ.