ಒಟ್ಟು 196 ಎಂಬ ಸಮಾಧಾನ

ಕಳೆದ ವರ್ಷ ಕಚೇರಿಯ ವಾರ್ಷಿಕ ತಪಾಸಣೆಯಲ್ಲಿ ನನ್ನ ಒಟ್ಟು ಕೊಲೆಸ್ಟರಾಲ್ 196 ಎಂದು ಬಂದಾಗ, 200ರ ಒಳಗಿದೆಯಲ್ಲ ಎಂದುಕೊಂಡು ವರದಿಯನ್ನು ಮಡಚಿ ಬೀರುವಿನಲ್ಲಿ ಇಟ್ಟುಬಿಟ್ಟಿದ್ದೆ. ಮೊಟ್ಟೆಯನ್ನೂ ಮುಟ್ಟದ ಮನೆಗೆ ಕೊಲೆಸ್ಟರಾಲ್ ಎಲ್ಲಿಂದ ಬರಬೇಕು ಎಂಬ ಧೈರ್ಯವೂ ಇತ್ತು. ಎರಡು ತಿಂಗಳ ನಂತರ ಬೇರೊಂದು ಕಾರಣಕ್ಕೆ ಭೇಟಿಯಾದ ವೈದ್ಯರು ಅದೇ ಹಾಳೆಯ ಮೊದಲ ಸಾಲನ್ನು ಬಿಟ್ಟು, ಕೆಳಗಿನ ಎರಡು ಸಾಲುಗಳಿಗೆ ಗೀಟು ಹಾಕಿದರು: ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 260. ಮೊದಲನೆಯದು ‘ಒಳ್ಳೆಯ’ ಕೊಲೆಸ್ಟರಾಲ್, ಅದು ಕಡಿಮೆಯಿತ್ತು; ಎರಡನೆಯದು ರಕ್ತದಲ್ಲಿ ಓಡಾಡುವ ಕೊಬ್ಬು, ಅದು ಹೆಚ್ಚಿತ್ತು.

ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್) 110 ಇತ್ತು. ಅದೇನೂ ಹೆಚ್ಚಲ್ಲವಲ್ಲ ಎಂದೆ. ಅದನ್ನು ಪ್ರಯೋಗಾಲಯದವರು ಅಳೆದಿಲ್ಲ, ಲೆಕ್ಕ ಹಾಕಿದ್ದಾರೆ ಎಂದರು. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆಯುವ ಈ ಸೂತ್ರ 1972ರದು. ಟ್ರೈಗ್ಲಿಸರೈಡ್ ಏರಿದಂತೆಲ್ಲ ಅದರ ಮೇಲಿನ ನಂಬಿಕೆ ಕುಸಿಯುತ್ತದೆ, 400 ದಾಟಿದರೆ ಅದನ್ನು ಬಳಸುವುದೇ ಇಲ್ಲ. ಅವರು ಅದರ ಬದಲು 196ರಲ್ಲಿ 34 ಕಳೆದು 162 ಎಂದು ಬರೆದರು. ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತೊಯ್ಯುವ, ರಕ್ತನಾಳಕ್ಕೆ ಕೇಡು ಮಾಡಬಲ್ಲ ಎಲ್ಲ ಕಣಗಳಲ್ಲಿರುವ ಕೊಲೆಸ್ಟರಾಲ್ ಇದು, ಬೇರೆ ತೊಂದರೆಯಿಲ್ಲದವರಿಗೂ 130ರೊಳಗಿದ್ದರೆ ಚೆನ್ನ.

ನಮ್ಮ ದೇಶದಲ್ಲಿ ಇದು ಅಪರೂಪದ ವರದಿಯಲ್ಲ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದಲ್ಲಿ ಒಟ್ಟು ಕೊಲೆಸ್ಟರಾಲ್ ಹೆಚ್ಚಿದ್ದವರು ಸುಮಾರು 14% ಮಾತ್ರ. ಎಚ್‌ಡಿಎಲ್ ಕಡಿಮೆಯಿದ್ದವರು 72%. ಮೊದಲ ಸಾಲನ್ನು ಮಾತ್ರ ಓದುವ ನನ್ನಂಥವರು ಎಷ್ಟು ಜನರಿರಬಹುದೆಂದು ಇದರಿಂದಲೇ ಊಹಿಸಬಹುದು.

ದೇಹದಲ್ಲಿರುವ ಕೊಲೆಸ್ಟರಾಲಿನ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆಯಾದ್ದರಿಂದ ಸಸ್ಯಾಹಾರ ಇಲ್ಲಿ ಕವಚವಲ್ಲ. ನನ್ನ ತಟ್ಟೆಯ ತೊಂದರೆ ಬೇರೆಯದು: ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ನಡುವೆ ಸಕ್ಕರೆ ಹಾಕಿದ ನಾಲ್ಕು ಲೋಟ ಕಾಫಿ. ಕೂತೇ ಕೆಲಸ ಮಾಡುವ ದೇಹ ಖರ್ಚು ಮಾಡದ ಈ ಪಿಷ್ಟ ಮತ್ತು ಸಕ್ಕರೆಯನ್ನು ಯಕೃತ್ತು ಟ್ರೈಗ್ಲಿಸರೈಡ್ ಆಗಿ ಪರಿವರ್ತಿಸಿ ರಕ್ತಕ್ಕೆ ಬಿಡುತ್ತದೆ. ಅದು ಹೆಚ್ಚಾದಾಗ ಎಚ್‌ಡಿಎಲ್ ಬೇಗ ಕರಗಿಹೋಗುತ್ತದೆ, ಎಲ್‌ಡಿಎಲ್ ಕಣಗಳು ಚಿಕ್ಕದಾಗುತ್ತವೆ. ಅಷ್ಟೇ ಕೊಲೆಸ್ಟರಾಲನ್ನು ಹೊರಲು ಚಿಕ್ಕ ಕಣಗಳು ಹೆಚ್ಚು ಬೇಕಾಗುವುದರಿಂದ 110 ಎಂಬ ಅಂಕಿಯ ಹಿಂದೆ ದೊಡ್ಡ ಗುಂಪೇ ಅಡಗಿರುತ್ತದೆ. (ಕಡಲೆಕಾಯಿ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟರಾಲ್ ಮುಕ್ತ’ ಎಂದು ಅಚ್ಚು ಹಾಕುವುದು ನನಗೀಗ ತಮಾಷೆಯಾಗಿ ಕಾಣುತ್ತದೆ, ಯಾವ ಸಸ್ಯದ ಎಣ್ಣೆಯಲ್ಲಿ ತಾನೇ ಅದು ಲೆಕ್ಕಕ್ಕೆ ಬರುವಷ್ಟಿದೆ?)

ಹೃದಯಾಘಾತವೆಂದರೆ ಚರಂಡಿಯಲ್ಲಿ ಕಸ ಕಟ್ಟಿಕೊಂಡಂತೆ ಎಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ ಈ ಕಣಗಳು ನುಸುಳುವುದು ರಕ್ತನಾಳದ ಗೋಡೆಯೊಳಕ್ಕೆ. ಅವನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿ ಅಲ್ಲೇ ಸಾಯುತ್ತವೆ, ಆ ಗಂಟಿನ ಮೇಲೆ ತೆಳುವಾದ ಪೊರೆ ಕೂಡಿಕೊಳ್ಳುತ್ತದೆ, ಹತ್ತಾರು ವರ್ಷ ಯಾವ ಸುಳಿವೂ ಸಿಗುವುದಿಲ್ಲ. ಒಂದು ದಿನ ಪೊರೆ ಹರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ನಿಮಿಷಗಳಲ್ಲಿ ಮುಚ್ಚಿಹೋಗಬಹುದು. ನಾಳವನ್ನು ಅಷ್ಟೇನೂ ಕಿರಿದಾಗಿಸದ ಗಂಟೂ ಹೀಗೆ ಹರಿಯಬಲ್ಲದು. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ) ಸರಿಯಿದ್ದವರಿಗೂ ಆಘಾತವಾಗುವುದಕ್ಕೆ ಇದೊಂದು ಕಾರಣ.

ಎಚ್‌ಡಿಎಲ್ ಏರಿಸುವ ಮಾತ್ರೆ ಕೊಡಿ ಎಂದು ಕೇಳಿದ್ದೆ. ಆ ದಾರಿಯನ್ನು ಕಂಪನಿಗಳು ಆಗಲೇ ತುಳಿದು ನೋಡಿವೆ: ಟಾರ್ಸೆಟ್ರಾಪಿಬ್ ಎಂಬ ಔಷಧ ಎಚ್‌ಡಿಎಲ್ ಅನ್ನು ಚೆನ್ನಾಗಿಯೇ ಏರಿಸಿತು, ಆದರೆ ಸಾವುಗಳೂ ಹೆಚ್ಚಿದ್ದರಿಂದ 2006ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆಘಾತವನ್ನು ತಡೆಯುತ್ತದೆಂದು ಚೆನ್ನಾಗಿ ಸಾಬೀತಾಗಿರುವುದು ಕೆಟ್ಟ ಕಣಗಳನ್ನು ಇಳಿಸುವ ಸ್ಟ್ಯಾಟಿನ್. ಜಪಾನಿನ ಅಕಿರ ಎಂಡೊ 1970ರ ದಶಕದಲ್ಲಿ ಬೂಷ್ಟಿನಲ್ಲಿ ಮೊದಲು ಕಂಡುಕೊಂಡ ವಸ್ತುವಿನ ಸಂತತಿ ಅದು. ನಮ್ಮ ತಂದೆಗೆ ಐವತ್ತೆರಡರಲ್ಲೇ ಆಘಾತವಾಗಿತ್ತೆಂದು ಕೇಳಿದ ಮೇಲೆ ವೈದ್ಯರು ನನಗೂ ಅದನ್ನು ಬರೆದುಕೊಟ್ಟರು.

ನಮ್ಮ ಭಾವನವರು ಅದೇ ಮಾತ್ರೆಯನ್ನು ‘ನಾರ್ಮಲ್ ಬಂತಲ್ಲ’ ಎಂದು ಆರು ತಿಂಗಳಿಗೆ ಬಿಟ್ಟರು, ಮುಂದಿನ ವರದಿಯಲ್ಲಿ ಅಂಕಿಗಳೆಲ್ಲ ಮೊದಲಿನ ಜಾಗಕ್ಕೇ ಬಂದು ನಿಂತಿದ್ದವು. ನನ್ನ 162 ಈಗ 118ಕ್ಕೆ ಇಳಿದಿದೆ. ರಾತ್ರಿಯ ಅನ್ನ ಬಿಟ್ಟಿದ್ದೇನೆ, ಕಾಫಿ ಮಾತ್ರ ಇನ್ನೂ ಎರಡು ಲೋಟಕ್ಕಿಂತ ಕೆಳಗೆ ಇಳಿದಿಲ್ಲ.