ಬಚ್ಚಲಿನ ಅತಿಥಿ
ಧಾರವಾಡದ ಮಳೆ ಅಂದ್ರೆ ಗೊತ್ತಲ್ವಾ, ವಾರಗಟ್ಟಲೆ ಗೋಡೆ ಒಣಗಲ್ಲ. ಮೊನ್ನೆ ನಮ್ಮ ಹಳೇ ಮನೆ ಬಚ್ಚಲಲ್ಲಿ ಉದ್ದುದ್ದ ಕಾಲಿನ ಜರಿಯೊಂದು ಸರ್ರನೆ ಓಡಿತು. ಅವ್ವ ಕಸಬರಿಗೆ ಎತ್ತಿದಳು. "ಹೊಡೀಬ್ಯಾಡವ್ವ, ಜಿರಲಿ ತಿಂತೈತಿ ಅದು" ಅಂದೆ.

ಈ ಉದ್ದ ಕಾಲಿನ ಜರಿಗಳ ಬಳಗದಲ್ಲಿ ಜಾಸ್ತಿ ಹೆಸರುವಾಸಿ ಸ್ಕುಟಿಜೆರಾ ಕೋಲಿಯೋಪ್ಟ್ರಾಟಾ ಅನ್ನೋ ಜಾತಿ. ಅದರ ತವರು ಮೆಡಿಟರೇನಿಯನ್ ಸುತ್ತಮುತ್ತ. ಅಲ್ಲಿ ಕಲ್ಲು, ತರಗೆಲೆ, ಸೌದೆ ರಾಶಿಯ ಕೆಳಗೆ ತೇವ ಇರೋ ಕಡೆ ಅಡಗಿದ್ದು ರಾತ್ರಿ ಬೇಟೆಗೆ ಹೊರಡುತ್ತದೆ, ಈಗಂತೂ ಎಷ್ಟೋ ದೇಶಗಳ ಮನೆಗಳಲ್ಲೂ ಸೇರಿಕೊಂಡಿದೆ. ಮೊಟ್ಟೆಯಿಂದ ಬಂದಾಗ 4 ಜೋಡಿ ಕಾಲು, ಪೊರೆ ಬಿಡುತ್ತಾ ಬಿಡುತ್ತಾ 15 ಜೋಡಿ! ಕಾಲು ಹಿಡಿದರೆ ಅದನ್ನೇ ಕಳಚಿಟ್ಟು ಪರಾರಿ.

ಅವ್ವ ಒಪ್ಪಲಿಲ್ಲ. ಕೊನೆಗೆ ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿನ ಕಲ್ಲಿನ ಹತ್ತಿರ ಬಿಟ್ಟುಬಂದೆ.